ಕೂಲರ್ ನೂರಕ್ಕೆ ಹೋಗಿ ನಿಂತಿದೆಯಾ? ಖಗೋಳ ಕ್ಯಾಮೆರಾದ ಕೂಲಿಂಗ್ ತೊಂದರೆ ಹುಡುಕುವ ಬಗೆ

ಏಪ್ರಿಲ್-ಮೇ ತಿಂಗಳಲ್ಲಿ ನಡುರಾತ್ರಿ ದಾಟಿದ ಮೇಲೆ ಆಕಾಶಗಂಗೆಯ ನಡುಭಾಗ ನಮ್ಮ ಹುಬ್ಬಳ್ಳಿ-ಧಾರವಾಡದ ದಕ್ಷಿಣಕ್ಕೆ ಸುಮಾರು 45 ಡಿಗ್ರಿ ಎತ್ತರಕ್ಕೆ ಬರುತ್ತದೆ. ಇಂಗ್ಲೆಂಡಿನವರಿಗೆ ಅದು ದಿಗಂತದಿಂದ ಮೇಲೆ ಏಳುವುದೇ ಕಷ್ಟ. ಆದರೆ ಅಷ್ಟು ಒಳ್ಳೆ ಆಕಾಶ ಸಿಗುವ ಹೊತ್ತಿಗೇ ನಮ್ಮಲ್ಲಿ ಸೆಕೆಯೂ ಜೋರು. ಫೋಟೋದಲ್ಲಿ ಚುಕ್ಕೆಚುಕ್ಕೆ ಗದ್ದಲ ಕಡಿಮೆಯಾಗಲಿ ಅಂತ ಖಗೋಳ ಕ್ಯಾಮೆರಾದೊಳಗೆ ಸೆನ್ಸರ್ ತಣ್ಣಗಿಡುವ ಕೂಲರ್ ಇರುತ್ತದೆ, ನೂರು ಅಂದರೆ ಅದರ ಪೂರ್ತಿ ಶಕ್ತಿ. ಅದರ ಬಗ್ಗೆ ಫೋನ್‌ಗಳು ಬರುವುದೂ ಆಗಲೇ: "ಸರ, ಕೂಲರ್ ನೂರಕ್ಕ ಹೋಗಿ ನಿಂತೈತ್ರಿ, ಮೈನಸ್ ಹತ್ತಕ್ಕ ಇಳೀವಲ್ದು. ಕ್ಯಾಮೆರಾ ಹೋತು ಅನ್ನಸ್ತೈತಿ."

ಹೆಚ್ಚಿನ ಸಲ ಕ್ಯಾಮೆರಾಕ್ಕೆ ಏನೂ ಆಗಿರುವುದಿಲ್ಲ. ಕೇಳಿದ ತಾಪಮಾನ ಆ ರಾತ್ರಿಯ ಸೆಕೆಗೆ ಹೊಂದಿರುವುದಿಲ್ಲ, ಇಲ್ಲಾ 12 ವೋಲ್ಟ್ ಪೂರ್ತಿ ಕ್ಯಾಮೆರಾ ತನಕ ತಲುಪಿರುವುದಿಲ್ಲ. ಇವೆರಡನ್ನು ನೋಡುವುದಕ್ಕೆ ದುಡ್ಡೇ ಬೇಡ. ಅದಕ್ಕೇ ಬಿಚ್ಚುವ ಮಾತು, ಸರ್ವಿಸ್‌ಗೆ ಕಳಿಸುವ ಮಾತು ಎಲ್ಲ ಆಮೇಲೆ.

ಒಂದು ವಿಷಯ ಮೊದಲೇ ತಿಳಿದಿದ್ದರೆ ಮುಂದಿನದೆಲ್ಲ ಸಲೀಸು. ಬೆಳಕು ಹಿಡಿಯುವ ಸೆನ್ಸರ್ ಹಿಂದೆ ಪೆಲ್ಟಿಯರ್ ಅನ್ನುವ ಚಪ್ಪಟೆ ಬಿಲ್ಲೆ ಇರುತ್ತದೆ. ಕರೆಂಟು ಹರಿದಾಗ ಅದರ ಒಂದು ಮುಖ ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ. ಆ ಬಿಸಿಯನ್ನು ಹೀಟ್ ಸಿಂಕ್ (ರೆಕ್ಕೆ ರೆಕ್ಕೆಯ ಲೋಹದ ತುಂಡು) ಮತ್ತು ಫ್ಯಾನ್ ಹೊರಗೆ ಹಾಕುತ್ತವೆ. ಅಂದರೆ ಅದು ಫ್ರಿಜ್ ಥರ "ಮೈನಸ್ ಹತ್ತು" ಅಂತ ಕೊಡುವ ಯಂತ್ರವಲ್ಲ. ಹೊರಗಿನ ಗಾಳಿಗಿಂತ ಇಷ್ಟು ಡಿಗ್ರಿ ಕೆಳಗೆ ಅಂತ ಮಾತ್ರ ಕೊಡಬಲ್ಲದು. ಈಗಿನ ಬಹಳಷ್ಟು ಕ್ಯಾಮೆರಾಗಳಲ್ಲಿ ಈ ಅಂತರ ಸುಮಾರು 35 ಡಿಗ್ರಿ.

ಲಕ್ಷಣ: ಕೂಲರ್ ಪವರ್ ಶೇ. 100, ಆದರೂ ಕೇಳಿದ ತಾಪಮಾನ ಬರುತ್ತಿಲ್ಲ

ಮೊದಲು ಲೆಕ್ಕ ಹಾಕಿ. ಮೇ ತಿಂಗಳ ರಾತ್ರಿ ಹತ್ತಕ್ಕೆ ಮಾಳಿಗೆ ಮೇಲೆ 28 ಡಿಗ್ರಿ ಇದೆ ಅಂದುಕೊಳ್ಳಿ. 28ರಿಂದ 35 ಕಳೆದರೆ ಮೈನಸ್ 7. ಅದು ಕ್ಯಾಮೆರಾ ತನ್ನ ಶಕ್ತಿಯೆಲ್ಲ ಹಾಕಿದರೆ ಮುಟ್ಟುವ ಕೊನೆಯ ಮಟ್ಟ. ನೀವು ಮೈನಸ್ 10 ಕೇಳಿದರೆ ಅದು ನೂರಕ್ಕೆ ಹೋಗಿ ನಿಲ್ಲಲೇಬೇಕು, ಬೇರೆ ದಾರಿಯೇ ಇಲ್ಲ. ಅದೇ ಕ್ಯಾಮೆರಾ ಡಿಸೆಂಬರ್‌ನಲ್ಲಿ, ಹೊರಗೆ 16 ಡಿಗ್ರಿ ಇದ್ದಾಗ, ಆರಾಮಾಗಿ ಮೈನಸ್ 10ರಲ್ಲಿ ಕೂರುತ್ತದೆ. ಇದನ್ನು ದೋಷ ಅನ್ನುವ ಹಾಗಿಲ್ಲ, ಅಲ್ವಾ?

ಇನ್ನೊಂದು, ಮೊಬೈಲ್‌ನಲ್ಲಿ ತೋರಿಸುವ ಊರಿನ ತಾಪಮಾನ ನಂಬಬೇಡಿ. ದಿನವಿಡೀ ಕಾದ ಆರ್‌ಸಿಸಿ ಮಾಳಿಗೆ ಸೂರ್ಯ ಮುಳುಗಿ ಮೂರು-ನಾಲ್ಕು ತಾಸಾದರೂ ಬಿಸಿ ಉಗುಳುತ್ತಲೇ ಇರುತ್ತದೆ. ತಗಡಿನ ಶೆಡ್ಡಿನೊಳಗೆ ಟೆಲಿಸ್ಕೋಪ್ ಇಟ್ಟಿದ್ದರಂತೂ ಕೇಳುವುದೇ ಬೇಡ. ಕ್ಯಾಮೆರಾದ ಪಕ್ಕದಲ್ಲೇ ಒಂದು ಸಣ್ಣ ಥರ್ಮಾಮೀಟರ್ ನೇತುಹಾಕಿ, ಆ ಸಂಖ್ಯೆಯಿಂದ ಲೆಕ್ಕ ಹಾಕಿ.

ಹಾಗಾದರೆ ಎಷ್ಟಕ್ಕೆ ಇಡಬೇಕು? ಕೂಲರ್ ಪವರ್ ಶೇ. 70ರಿಂದ 80ರೊಳಗೆ ನಿಲ್ಲುವ ಹಾಗೆ. ಬೇಸಿಗೆಗೆ 0 ಡಿಗ್ರಿ, ಚಳಿಗಾಲಕ್ಕೆ ಮೈನಸ್ 10, ನಮ್ಮ ಕಡೆಗೆ ಇಷ್ಟು ಸಾಕು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜನ ಸುಮ್ನೆ ಒದ್ದಾಡುತ್ತಾರೆ. ಸೆನ್ಸರ್ ಬಿಸಿಯಿಂದ ಹುಟ್ಟುವ ಸಿಗ್ನಲ್ ಪ್ರತಿ 6-7 ಡಿಗ್ರಿಗೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. 30ರಿಂದ 0ಗೆ ಇಳಿಸಿದರೆ ಅದು 20ರಿಂದ 30 ಪಟ್ಟು ಕಡಿಮೆ. ದೊಡ್ಡ ಲಾಭವೆಲ್ಲ ಅಲ್ಲೇ ಸಿಕ್ಕಿಬಿಟ್ಟಿತು. 0ಯಿಂದ ಮೈನಸ್ 10ಕ್ಕೆ ಹೋದರೆ ಉಳಿದ ಚೂರಿನಲ್ಲಿ ಇನ್ನಷ್ಟು ಚೂರು ಕಡಿಮೆಯಾಗುತ್ತದೆ, ಆದರೆ ಹುಬ್ಬಳ್ಳಿಯ ಬೀದಿ ದೀಪಗಳಿಂದ ಬೆಳಗಿದ ಆಕಾಶದ ಗದ್ದಲದ ಮುಂದೆ ಆ ಚೂರು ಫೋಟೋದಲ್ಲಿ ಕಾಣುವುದೇ ಇಲ್ಲ. ಇಡೀ ರಾತ್ರಿ ಒಂದೇ ತಾಪಮಾನ ನಿಲ್ಲುವುದು ಮುಖ್ಯ. ನೂರರಲ್ಲಿ ಓಡುವ ಕೂಲರ್‌ಗೆ ಹಿಡಿತವೇ ಇರುವುದಿಲ್ಲ, ಹೊರಗೆ ಒಂದು ಡಿಗ್ರಿ ಏರಿದರೆ ಸೆನ್ಸರೂ ಅದರ ಹಿಂದೆಯೇ ಏರುತ್ತದೆ.

ಲೆಕ್ಕ ಸರಿಯಿದೆ, 0ಗೂ ಬರುತ್ತಿಲ್ಲ ಅಂದರೆ ಈಗ ಕ್ಯಾಮೆರಾದ ಬೆನ್ನು ನೋಡಿ. ಇಬ್ಬನಿಗೆ ಹೆದರಿ ಬಟ್ಟೆ ಸುತ್ತಿದ್ದೀರಾ, ಪ್ಲಾಸ್ಟಿಕ್ ಚೀಲ ಹಾಕಿದ್ದೀರಾ? ಗಾಳಿ ಹೋಗುವ ಕಿಂಡಿ ಮುಚ್ಚಿದರೆ ಬಿಸಿ ಹೋಗುವುದೆಲ್ಲಿಗೆ? ತೆಗೆದು ಐದು ನಿಮಿಷ ಕಾಯಿರಿ, ತಾಪಮಾನ ಇಳಿಯತೊಡಗಿದರೆ ಕೆಲಸ ಮುಗಿಯಿತು. ಆಮೇಲೆ ಫ್ಯಾನ್. ತೆಳ್ಳಗಿನ ಟಿಶ್ಯೂ ಚೂರನ್ನು ಕಿಂಡಿಯ ಹತ್ತಿರ ಹಿಡಿಯಿರಿ, ಅದು ಜೋರಾಗಿ ಅಲ್ಲಾಡಬೇಕು. ಫ್ಯಾನ್ ತಿರುಗುತ್ತಲೇ ಇಲ್ಲ ಅಂದರೆ ಕೂಲರ್ ಅನ್ನು ತಕ್ಷಣ ಆಫ್ ಮಾಡಿ. ಬಿಸಿ ಹೊರಗೆ ಹೋಗದೆ ಪೆಲ್ಟಿಯರ್ ಓಡಿದರೆ ಬಿಲ್ಲೆಯೇ ಸುಟ್ಟುಹೋಗಬಹುದು.

ಧೂಳು ನಮ್ಮ ಜಿಲ್ಲೆಗಳ ದೊಡ್ಡ ಶತ್ರು. ಗದಗ, ನವಲಗುಂದ ಕಡೆಯ ಎರೆ ಹೊಲದ ಮಣ್ಣು ಬೇಸಿಗೆ ಗಾಳಿಗೆ ಹಿಟ್ಟಿನಂತೆ ಹಾರುತ್ತದೆ. ರಾಶಿ ಮಾಡುವ ಕಾಲದಲ್ಲಿ ಹೊಟ್ಟು, ಬ್ಯಾಡಗಿ ಕಡೆ ಮೆಣಸಿನಕಾಯಿ ಒಣಹಾಕುವ ಕಣಗಳ ಘಾಟು ಧೂಳು ಬೇರೆ. ಹೀಟ್ ಸಿಂಕ್‌ನ ರೆಕ್ಕೆಗಳ ನಡುವೆ ಇದು ಮೆತ್ತಿಕೊಂಡರೆ ಫ್ಯಾನ್ ತಿರುಗಿದರೂ ಗಾಳಿ ದಾಟುವುದಿಲ್ಲ. ಟಾರ್ಚ್ ಹಿಡಿದು ಓರೆಯಾಗಿ ನೋಡಿದರೆ ಬೂದು ಬಣ್ಣದ ಅರಳೆಯಂಥ ಪದರ ಕಾಣುತ್ತದೆ. ಮೆತ್ತನೆ ಬ್ರಷ್ ಮತ್ತು ಕೈಯಲ್ಲಿ ಒತ್ತುವ ಬ್ಲೋವರ್ ಸಾಕು. ಗಾಳಿ ಊದುವಾಗ ಹಲ್ಲುಕಡ್ಡಿಯಿಂದ ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದುಕೊಳ್ಳಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಮಾತ್ರ ಬೇಡ, ಅದರಲ್ಲಿ ನೀರು, ಎಣ್ಣೆ ಎರಡೂ ಬರುತ್ತವೆ.

ಇಷ್ಟಾದರೂ ಬಗ್ಗದಿದ್ದರೆ 12 ವೋಲ್ಟ್ ಕಡೆ ಬನ್ನಿ. ಕೂಲರ್ ಪೂರ್ತಿ ಓಡುವಾಗ ಸುಮಾರು 3 ಆಂಪಿಯರ್ ಎಳೆಯುತ್ತದೆ. ಐದು ಮೀಟರ್ ಉದ್ದದ, 0.5 ಎಂಎಂ (ಅಂದರೆ ಚದರ ಮಿಲಿಮೀಟರ್) ತೆಳು ವೈರ್ ಎಳೆದಿದ್ದೀರಿ ಅನ್ನಿ. ಹೋಗಿಬರುವ ದಾರಿ ಸೇರಿ ಹತ್ತು ಮೀಟರ್ ತಾಮ್ರ, ಅದರಲ್ಲೇ 1 ವೋಲ್ಟ್‌ಗಿಂತ ಸ್ವಲ್ಪ ಜಾಸ್ತಿ ಕರಗಿಹೋಗುತ್ತದೆ. ಬ್ಯಾಟರಿಯಲ್ಲಿ 12.2 ಇದ್ದರೆ ಕ್ಯಾಮೆರಾಕ್ಕೆ ಸಿಗುವುದು 11ರ ಸುಮಾರು. ಅದೇ 1.5 ಎಂಎಂ ವೈರ್ ಹಾಕಿದರೆ ನಷ್ಟ 0.4 ವೋಲ್ಟ್‌ಗೂ ಕಡಿಮೆ. ಮನೆ ವೈರಿಂಗ್‌ಗೆ ಬಳಸುವ ಆ ವೈರ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ಅಳೆಯುವಾಗ ಒಂದು ಮಾತು. ಕೂಲರ್ ಆಫ್ ಇದ್ದಾಗ ಅಳೆದರೆ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಕೂಲರ್ ನೂರರಲ್ಲಿ ಓಡುತ್ತಿರುವಾಗಲೇ ಅಳೆಯಬೇಕು, ಅದೂ ಬ್ಯಾಟರಿ ತುದಿಯಲ್ಲಿ ಅಲ್ಲ, ಕ್ಯಾಮೆರಾ ತುದಿಯಲ್ಲಿ. ಸಿಸಿಟಿವಿ ಕ್ಯಾಮೆರಾಗಳಿಗೆ ಬಳಸುವ ಒಂದಕ್ಕೆರಡು ಡಿಸಿ ವೈರ್ ತಂದು, ಒಂದು ಕವಲು ಕ್ಯಾಮೆರಾಕ್ಕೆ, ಇನ್ನೊಂದಕ್ಕೆ ಸ್ಕ್ರೂ ಇರುವ ಡಿಸಿ ಜಾಕ್ ಹಾಕಿ ಅದರ ಸ್ಕ್ರೂಗಳಲ್ಲಿ ಮಲ್ಟಿಮೀಟರ್ ಕಡ್ಡಿ ಮುಟ್ಟಿಸಿ. ಪಿನ್ನಿನ ಬಾಯಿಗೇ ಕಡ್ಡಿ ತುರುಕಲು ಹೋದರೆ ಒಳಗಿನ ಪ್ಲಸ್, ಹೊರಗಿನ ಮೈನಸ್ ಎರಡೂ ತಾಗಿ ಕಿಡಿ ಹಾರುತ್ತದೆ. ಸುಮಾರು 11.5ಕ್ಕಿಂತ ಕೆಳಗೆ ಕಂಡರೆ ವೈರ್, ಪಿನ್, ಬ್ಯಾಟರಿ, ಈ ಮೂರರಲ್ಲಿ ಒಂದರ ತಪ್ಪು. ವೈರಿನ ತುದಿ ಕೈಗೆ ಬೆಚ್ಚಗೆ ಹತ್ತಿದರೆ ಪಿನ್ ಸಡಿಲ ಅಂತಲೇ ತಿಳಿಯಿರಿ.

ಯುಪಿಎಸ್‌ನ 7 ಆಂಪಿಯರ್-ಅವರ್ ಬ್ಯಾಟರಿ ಕಟ್ಟಿಕೊಂಡು ಹೊಲಕ್ಕೆ ಹೋಗುವವರು ಬಹಳ. 3 ಆಂಪಿಯರ್ ಎಳೆದರೆ ಅದು ಎರಡು ತಾಸೂ ಬಾಳುವುದಿಲ್ಲ, ಅದರಲ್ಲೂ ಕೊನೆಯ ಅರ್ಧ ತಾಸು ವೋಲ್ಟೇಜ್ ಕುಸಿಯುತ್ತಲೇ ಇರುತ್ತದೆ. ರಾತ್ರಿಯಿಡೀ ಸರಾಸರಿ 2 ಆಂಪಿಯರ್ ಅಂದರೂ ಎಂಟು ತಾಸಿಗೆ 16 ಆಯಿತು, ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 35-40ರದ್ದು ಬೇಕು.

ಇಲ್ಲಿ ಮೂರು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತಗೋಬೇಡಿ. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್ ಇರಲಿ. ನೀವೇ ಪಿನ್ ಬೆಸುಗೆ ಹಾಕಿದ್ದರೆ ನಡುವಿನದೇ ಪ್ಲಸ್ ಅಂತ ಮೀಟರ್‌ನಲ್ಲಿ ನೋಡಿ ಆಮೇಲೆ ಚುಚ್ಚಿ. ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್ ಪಿನ್ ಕೂಡ ಎಷ್ಟೋ ಸಲ ಇದೇ ಜಾಕಿಗೆ ಕೂರುತ್ತದೆ, ಕತ್ತಲಲ್ಲಿ ತಡಕಾಡುವಾಗ ಅದು ಕೈಗೆ ಬಂದರೆ ಕ್ಯಾಮೆರಾ ಬೋರ್ಡ್ ಉಳಿಯುವುದಿಲ್ಲ. ಎರಡಕ್ಕೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿಡಿ.

ಲಕ್ಷಣ: ಫೋಟೋ ಬರುತ್ತಿದೆ, ತಾಪಮಾನ ಮಾತ್ರ ಒಂಚೂರೂ ಇಳಿಯುತ್ತಿಲ್ಲ

ಹೆಚ್ಚಾಗಿ 12 ವೋಲ್ಟ್ ಬರುತ್ತಲೇ ಇರುವುದಿಲ್ಲ. ಬಹಳ ಕ್ಯಾಮೆರಾಗಳಲ್ಲಿ ಸೆನ್ಸರ್ ಯುಎಸ್‌ಬಿ ಕರೆಂಟಿನಲ್ಲೇ ಓಡುತ್ತದೆ, ಕೂಲರ್‌ಗೆ ಮಾತ್ರ 12 ವೋಲ್ಟ್ ಬೇಕು. ಹಾಗಾಗಿ ಪಿನ್ ಕಳಚಿದ್ದರೂ ಫೋಟೋ ಬರುತ್ತಲೇ ಇರುತ್ತದೆ. ಪಿನ್ ಒತ್ತಿ, ಫ್ಯೂಸ್ ನೋಡಿ, ಅಡಾಪ್ಟರ್‌ನ ಲೈಟ್ ನೋಡಿ. ಎಲ್ಲ ಸರಿಯಿದ್ದರೆ ಸಾಫ್ಟ್‌ವೇರ್‌ನಲ್ಲಿ ಕೂಲರ್ ಆನ್ ಒತ್ತಿದ್ದೀರಾ ನೋಡಿ. ನಿನಾ, ಶಾರ್ಪ್‌ಕ್ಯಾಪ್ ಎರಡರಲ್ಲೂ ತಾಪಮಾನ ಬರೆಯುವುದು ಬೇರೆ, ಕೂಲರ್ ಆನ್ ಮಾಡುವುದು ಬೇರೆ.

ಲಕ್ಷಣ: ತಾಪಮಾನ ಏರಿಳಿಯುತ್ತಿದೆ, ಇಲ್ಲಾ ನಡುವೆ ಕ್ಯಾಮೆರಾ ಕಡಿದುಹೋಗುತ್ತಿದೆ

0.1, 0.2 ಡಿಗ್ರಿ ಅತ್ತಿತ್ತ ಆಡುವುದು ಸಹಜ. ಒಂದು ಡಿಗ್ರಿಯಷ್ಟು ಜಿಗಿಯುತ್ತಿದ್ದರೆ ಅದು ಯಾವಾಗ ಆಗುತ್ತದೆ ಅಂತ ಗಮನಿಸಿ. ಮೌಂಟ್ (ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೋಟಾರ್ ಪೀಠ) ವೇಗವಾಗಿ ತಿರುಗುವಾಗಲೇ ಆದರೆ, ಮೌಂಟ್ ಮತ್ತು ಕ್ಯಾಮೆರಾ ಒಂದೇ ಅಡಾಪ್ಟರ್ ಹಂಚಿಕೊಂಡಿವೆ, ಮೋಟಾರ್ ಎಳೆದಾಗ ವೋಲ್ಟೇಜ್ ತಗ್ಗುತ್ತಿದೆ. ಎರಡಕ್ಕೂ ಬೇರೆ ಲೈನ್ ಕೊಡಿ. ಟೆಲಿಸ್ಕೋಪ್ ಒಂದು ನಿರ್ದಿಷ್ಟ ದಿಕ್ಕಿಗೆ ಬಂದಾಗ ಮಾತ್ರ ಆದರೆ ವೈರ್ ಬಿಗಿಯಾಗಿ ಪಿನ್ ಎಳೆಯುತ್ತಿದೆ. ಅದನ್ನು ಹಗಲಲ್ಲೇ ಪರೀಕ್ಷೆ ಮಾಡಬಹುದು: ಕೂಲರ್ ಆನ್ ಮಾಡಿ, ಪಿನ್ನನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾ ಪರದೆ ಮೇಲಿನ ಪವರ್ ಸಂಖ್ಯೆ ನೋಡಿ. ಅದು ಕುಣಿದರೆ ಪಿನ್ ಬದಲಿಸಿ, ವೈರನ್ನು ವೆಲ್ಕ್ರೋ ಪಟ್ಟಿಯಿಂದ ಟೆಲಿಸ್ಕೋಪ್ ಮೈಗೆ ಕಟ್ಟಿ. ಇವೆರಡೂ ಅಲ್ಲದಿದ್ದರೆ ಎರಡು ಸಾಫ್ಟ್‌ವೇರ್ ಒಟ್ಟಿಗೆ ಕ್ಯಾಮೆರಾ ಹಿಡಿದಿವೆಯಾ ನೋಡಿ, ಡ್ರೈವರ್ ಹೊಸದು ಹಾಕಿ.

ರಾತ್ರಿ ನಡುವೆ ಕರೆಂಟು ಹೋದರೆ ಗಾಬರಿ ಬೇಡ. ಬೆನ್ನಿನ ಬಿಸಿ ಪೆಲ್ಟಿಯರ್ ಮೂಲಕ ವಾಪಸ್ ಹರಿದು ಸೆನ್ಸರ್ ಬೇಗ ಬೆಚ್ಚಗಾಗುತ್ತದೆ, ಸಾಮಾನ್ಯವಾಗಿ ಅದರಿಂದ ಕೆಡುವುದಿಲ್ಲ. ಕರೆಂಟು ಬಂದ ಮೇಲೆ ಮತ್ತೆ ನಿಧಾನಕ್ಕೆ ತಣ್ಣಗೆ ಮಾಡಿ.

ಲಕ್ಷಣ: ಫೋಟೋದ ನಡುವೆ ಮಬ್ಬು, ಅಥವಾ ಹರಳಿನಂಥ ಗೀರುಗಳು

ಇದು ತೇವದ ಕೆಲಸ. ಧಾರವಾಡದವರಿಗೆ ಗದಗಿನವರಿಗಿಂತ ಈ ಕಾಟ ಜಾಸ್ತಿ, ಮಲೆನಾಡಿನ ಸೆರಗು ಹತ್ತಿರ ನೋಡಿ. ತಣ್ಣನೆ ಮಜ್ಜಿಗೆ ಲೋಟದ ಹೊರಮೈ ಬೆವರುವ ಹಾಗೆ, ತಣ್ಣಗಾದ ಗಾಜಿನ ಮೇಲೆಲ್ಲ ಗಾಳಿಯ ತೇವ ಕೂರುತ್ತದೆ. ಪ್ರಶ್ನೆ ಇಷ್ಟೇ: ಅದು ಯಾವ ಗಾಜು?

ಹೊರಗಿನ ಗಾಜಾದರೆ, ಅಂದರೆ ಟೆಲಿಸ್ಕೋಪಿನ ಮುಂದಿನ ಲೆನ್ಸ್ ಆದರೆ, ಇಡೀ ಚಿತ್ರ ಮಂಕಾಗುತ್ತದೆ, ಹೊಳೆಯುವ ನಕ್ಷತ್ರಗಳ ಸುತ್ತ ಪ್ರಭೆ ಬರುತ್ತದೆ. ಟಾರ್ಚ್ ಹಿಡಿದರೆ ಕಣ್ಣಿಗೇ ಕಾಣುತ್ತದೆ. ಡ್ಯೂ ಹೀಟರ್ ಪಟ್ಟಿ (ಇಬ್ಬನಿ ಕೂರದಂತೆ ಲೆನ್ಸ್ ಬೆಚ್ಚಗಿಡುವ ಪಟ್ಟಿ) ಕಟ್ಟಿ, ಕ್ಯಾಮೆರಾ ಕೂಲಿಂಗ್ ಮುಟ್ಟಲು ಹೋಗಬೇಡಿ.

ಕ್ಯಾಮೆರಾದ ಮುಂಗಾಜಾದರೆ ಚಿತ್ರದ ನಡುವೆ ಮೆತ್ತನೆ ಅಂಚಿನ ಮಬ್ಬು ಉಂಡೆ ಕಾಣುತ್ತದೆ, ಹೊತ್ತು ಹೋದಂತೆ ಅಗಲವಾಗುತ್ತದೆ. ಹಲವು ಕ್ಯಾಮೆರಾಗಳಲ್ಲಿ ಈ ಗಾಜಿಗೆ ಪುಟ್ಟ ಹೀಟರ್ ಇದೆ. ಅದು ಸಾಫ್ಟ್‌ವೇರ್‌ನಲ್ಲಿ ಆಫ್ ಆಗಿರುವುದೇ ಹೆಚ್ಚು. ಆನ್ ಮಾಡಿ ಹತ್ತು-ಹದಿನೈದು ನಿಮಿಷ ಕಾದರೆ ತಿಳಿಯಾಗುತ್ತದೆ.

ಮೂರನೆಯದು ಕಷ್ಟದ್ದು: ಸೆನ್ಸರ್ ಮೇಲೇ ಮಂಜುಗಡ್ಡೆ. ಚಿತ್ರದಲ್ಲಿ ಸಣ್ಣ ಹರಳುಗಳು, ಅವುಗಳಿಂದ ಹೊರಟ ಸೂಜಿಯಂಥ ಗೆರೆಗಳು ಕಾಣುತ್ತವೆ. ಧೂಳಿನ ಕಲೆ ಅಂತ ಅನುಮಾನ ಬರಬಹುದು. ಧೂಳಾದರೆ ದುಂಡನೆ ಉಂಗುರವಾಗಿ, ರಾತ್ರಿಯಿಡೀ ಇದ್ದಲ್ಲೇ ಇರುತ್ತದೆ. ಮಂಜುಗಡ್ಡೆಯಾದರೆ ತಾಪಮಾನ ಬದಲಿಸಿದಾಗ ಬದಲಾಗುತ್ತದೆ. ಹಾಗಾಗಿ 5 ಡಿಗ್ರಿಗೆ ಏರಿಸಿ ಅರ್ಧ ತಾಸು ಬಿಟ್ಟು ನೋಡಿ. ಕರಗಿ ಮಾಯವಾದರೆ ಸೆನ್ಸರ್ ಕೋಣೆಯೊಳಗೆ ತೇವ ಸೇರಿದೆ ಅಂತ ಖಾತ್ರಿ. ಒಳಗಿನ ತೇವ ಹೀರುವ ಗುಳಿಗೆಗಳು ತುಂಬಿಹೋಗಿವೆ, ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಕ್ಯಾಮೆರಾ ಕಪಾಟಿನಲ್ಲಿ ಸುಮ್ನೆ ಕೂತಿದ್ದರೆ ಅಕ್ಟೋಬರ್‌ನ ಮೊದಲ ರಾತ್ರಿ ಇದು ಕಾಣಿಸುವುದು ಏನೂ ಅಚ್ಚರಿಯಲ್ಲ.

ಆ ರಾತ್ರಿ ಕಳೆಯಬೇಕಾದರೆ 5 ಡಿಗ್ರಿಯಲ್ಲೇ ಫೋಟೋ ತೆಗೆಯಿರಿ, ನಷ್ಟ ಅಷ್ಟೇನಿಲ್ಲ. ಹೇರ್ ಡ್ರೈಯರ್ ಹಿಡಿಯಬೇಡಿ, ಗಾಜು ಬಿಚ್ಚಿ ಒರೆಸಲು ಹೋಗಲೇಬೇಡಿ.

ಮರುದಿನ ಗುಳಿಗೆ ಒಣಗಿಸಿ. ಕೆಲವು ಕ್ಯಾಮೆರಾಗಳಲ್ಲಿ ಪಕ್ಕದಲ್ಲಿ ಸ್ಕ್ರೂ ಮುಚ್ಚಳ ಇರುತ್ತದೆ, ಕೆಲವಕ್ಕೆ ಸಿಲಿಕಾ ಜೆಲ್ ತುಂಬಿದ ನಳಿಗೆ ಚುಚ್ಚುವ ಜಾಗ ಇರುತ್ತದೆ. ನಿಮ್ಮ ಕ್ಯಾಮೆರಾದ ಕೈಪಿಡಿ ಏನು ಹೇಳುತ್ತದೋ ಹಾಗೇ ಮಾಡಿ, ಎಲ್ಲ ಗುಳಿಗೆಗಳೂ ಮೈಕ್ರೋವೇವ್‌ಗೆ ಆಗುವುದಿಲ್ಲ. ಬಿಡಿ ಸಿಲಿಕಾ ಜೆಲ್ ಆದರೆ ಓವನ್‌ನಲ್ಲಿ 110-120 ಡಿಗ್ರಿಗೆ ಎರಡು ತಾಸು ಸಾಕು. ಕಿತ್ತಳೆ ಬಣ್ಣದ್ದು ತೇವ ಹೀರಿದರೆ ಹಸಿರಾಗುತ್ತದೆ, ನೀಲಿಯದ್ದು ಗುಲಾಬಿಯಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ವಿಷ. ಅಡುಗೆಯ ಓವನ್‌ನಲ್ಲಿ ಬೇಡ, ಮಕ್ಕಳ ಕೈಗಂತೂ ಬೇಡ, ಕೊಳ್ಳುವಾಗಲೇ ಕಿತ್ತಳೆಯದ್ದು ಕೇಳಿ.

ಮುಚ್ಚಳ ತೆರೆಯುವ ಕೆಲಸಕ್ಕೆ ಗದಗ, ಹುಬ್ಬಳ್ಳಿಯ ಫೆಬ್ರವರಿ-ಮಾರ್ಚ್ ಮಧ್ಯಾಹ್ನದಷ್ಟು ಒಳ್ಳೆ ಹೊತ್ತಿಲ್ಲ, ಗಾಳಿ ಒಣಗಿರುತ್ತದೆ. ಕಿಟಕಿ ಹಾಕಿ, ಫ್ಯಾನ್ ಆಫ್ ಮಾಡಿ, ಧೂಳಿಲ್ಲದ ಕೋಣೆಯಲ್ಲಿ ಮಾಡಿ. ಮುಚ್ಚಳದ ರಬ್ಬರ್ ಉಂಗುರ ಬಿರುಕು ಬಿಟ್ಟಿದೆಯಾ, ಅದರ ಮೇಲೆ ಕೂದಲೆಳೆ ಏನಾದರೂ ಕೂತಿದೆಯಾ ಅಂತ ನೋಡಿ. ಒಂದು ಎಳೆ ಸಾಕು, ಅದರ ಪಕ್ಕದಿಂದ ತೇವ ನುಸುಳುತ್ತದೆ. ಹಾಕಿದ ಮೇಲೆ ಒಂದು ರಾತ್ರಿ ಸುಮ್ನೆ ಬಿಡಿ, ಒಳಗಿನ ಗಾಳಿ ಒಣಗಲಿ. ಒಣಗಿಸಿದ ಗುಳಿಗೆ ಹಾಕಿದರೂ ಕೆಲವೇ ದಿನಕ್ಕೆ ಮಂಜು ಮರಳಿದರೆ ಸೀಲ್ ಹೋಗಿದೆ. ಅಲ್ಲಿಗೆ ನಿಲ್ಲಿಸಿ, ಅದು ಸರ್ವಿಸ್‌ನವರ ಕೆಲಸ.

ಮಳೆಗಾಲಕ್ಕೆ ಕ್ಯಾಮೆರಾವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಲೆನ್ಸ್‌ಗಳಿಗೆ ಬೂಸ್ಟು ಹಿಡಿಯುವುದೂ ತಪ್ಪುತ್ತದೆ.

ಲಕ್ಷಣ: ಡಾರ್ಕ್ ಕಳೆದ ಮೇಲೂ ಬಣ್ಣದ ಚುಕ್ಕೆಗಳು, ಅಂಚಿನಲ್ಲಿ ಬೆಳಕು

ಕೂಲರ್ ಚೆನ್ನಾಗೇ ಇರಬಹುದು, ಡಾರ್ಕ್ ಫ್ರೇಮ್ (ಮುಚ್ಚಳ ಹಾಕಿ ತೆಗೆದು, ಆಮೇಲೆ ಚಿತ್ರದಿಂದ ಕಳೆಯುವ ಫೋಟೋ) ಬೇರೆ ತಾಪಮಾನದ್ದಿರಬಹುದು. ಫೈಲಿನ ಹೆಡರ್ (ಸೆಟ್ಟಿಂಗ್‌ಗಳನ್ನು ಬರೆದಿರುವ ಭಾಗ) ತೆರೆದು ನೋಡಿ: ತಾಪಮಾನ, ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ), ಆಫ್‌ಸೆಟ್ (ಕಪ್ಪಿಗೆ ಸೇರಿಸುವ ಮೂಲ ಸಂಖ್ಯೆ), ಎಕ್ಸ್‌ಪೋಷರ್ ನಾಲ್ಕೂ ಫೋಟೋಗೂ ಡಾರ್ಕ್‌ಗೂ ಹೊಂದಬೇಕು. ಒಂದು ಅಂಚಿನಿಂದ ಕಿರಣದಂತೆ ಹರಡುವ ಬೆಳಕು ಆಂಪ್ ಗ್ಲೋ. ಐಎಂಎಕ್ಸ್294 ಸೆನ್ಸರ್‌ನಲ್ಲಿ ಅದು ಹುಟ್ಟುಗುಣ. ಹೊಂದುವ ಡಾರ್ಕ್ ಕಳೆದರೆ ಹೋಗುತ್ತದೆ. ಐಎಂಎಕ್ಸ್571, 533 ಸೆನ್ಸರ್‌ಗಳಲ್ಲಿ ಅದು ಬರಬಾರದು, ಬಂದರೆ ಎಲ್ಲಿಂದಲೋ ಬೆಳಕು ನುಸುಳುತ್ತಿದೆ. ಪ್ಲಾಸ್ಟಿಕ್ ಮುಚ್ಚಳದೊಳಗೆ ಅವಗೆಂಪು ಬೆಳಕು ಹಾದುಹೋಗಬಹುದು, ಅದಕ್ಕೆ ಡಾರ್ಕ್ ತೆಗೆಯುವಾಗ ಮುಚ್ಚಳದ ಮೇಲೆ ಅಡುಗೆಮನೆಯ ಫಾಯಿಲ್ ಸುತ್ತಿ. 0 ಮತ್ತು ಮೈನಸ್ 10, ಎರಡೇ ತಾಪಮಾನಕ್ಕೆ ಅಂಟಿಕೊಂಡರೆ ಮೋಡದ ರಾತ್ರಿಗಳಲ್ಲಿ ಡಾರ್ಕ್‌ಗಳ ಸಂಗ್ರಹ ಮಾಡಿಟ್ಟುಕೊಳ್ಳಬಹುದು.

ಲಕ್ಷಣ: ಫ್ಯಾನ್ ಗರಗರ ಸದ್ದು, ನಕ್ಷತ್ರಗಳು ಉದ್ದುದ್ದ

ಫ್ಯಾನ್ ಬೇರಿಂಗ್ ಸವೆದರೆ ಕಂಪನ ಟೆಲಿಸ್ಕೋಪಿಗೆ ಇಳಿಯುತ್ತದೆ. ಕೂಲರ್ ಆಫ್ ಮಾಡಿ, ಫ್ಯಾನ್ ನಿಂತ ಮೇಲೆ ಒಂದು ಸಣ್ಣ ಎಕ್ಸ್‌ಪೋಷರ್ ತೆಗೆಯಿರಿ. ನಕ್ಷತ್ರ ದುಂಡಗಾದರೆ ಫ್ಯಾನೇ ಕಾರಣ, ಇಲ್ಲದಿದ್ದರೆ ಗೈಡಿಂಗ್ (ಮೌಂಟ್ ನಕ್ಷತ್ರದ ಬೆನ್ನು ಬಿಡದಂತೆ ತಿದ್ದುವ ವ್ಯವಸ್ಥೆ) ನೋಡಿ. ಫ್ಯಾನ್ ಬದಲಿಸುವುದು ಸುಲಭ, ಆದರೆ ವಾರಂಟಿ ಇದ್ದಾಗ ನೀವೇ ಬಿಚ್ಚಬೇಡಿ.

ಎಲ್ಲ ನೋಡಿಯಾಯಿತು, ಇನ್ನೂ ತಣ್ಣಗಾಗುತ್ತಿಲ್ಲ

ಕೊನೆಯ ಪರೀಕ್ಷೆ ಮನೆಯೊಳಗೆ. ಕ್ಯಾಮೆರಾವನ್ನು ಟೆಲಿಸ್ಕೋಪಿನಿಂದ ಬಿಚ್ಚಿ, ಮುಚ್ಚಳ ಹಾಕಿ, ನಾಲ್ಕೂ ಕಡೆ ಗಾಳಿ ಆಡುವಂತೆ ಮೇಜಿನ ಮೇಲಿಡಿ. ಚಿಕ್ಕ, ದಪ್ಪ ವೈರ್‌ನಲ್ಲಿ ಒಳ್ಳೆ 12 ವೋಲ್ಟ್, 5 ಆಂಪಿಯರ್ ಅಡಾಪ್ಟರ್ ಹಾಕಿ. ಮುಟ್ಟಲಾರದಷ್ಟು ಕೆಳಗಿನ ತಾಪಮಾನ, ಮೈನಸ್ 30 ಅನ್ನಿ, ಕೊಟ್ಟು ಇಪ್ಪತ್ತು ನಿಮಿಷ ಬಿಡಿ. ಎಲ್ಲಿಗೆ ಬಂದು ನಿಂತಿತೋ ಅದನ್ನೂ ಕೋಣೆಯ ತಾಪಮಾನವನ್ನೂ ಬರೆದುಕೊಳ್ಳಿ. ಕೋಣೆ 27, ಸೆನ್ಸರ್ ಮೈನಸ್ 5 ಅಂದರೆ ಅಂತರ 32, ಕ್ಯಾಮೆರಾ ಗಟ್ಟಿಯಾಗಿದೆ. ಅಂತರ 15-20ಕ್ಕೇ ನಿಂತರೆ ಪೆಲ್ಟಿಯರ್ ಹೋಗಿದೆ, ಇಲ್ಲಾ ಅದಕ್ಕೂ ಹೀಟ್ ಸಿಂಕ್‌ಗೂ ನಡುವಿನ ಪೇಸ್ಟ್ ಒಣಗಿದೆ. ಆಗ ಹೀಟ್ ಸಿಂಕ್ ಮುಟ್ಟಿ ನೋಡಿದರೆ ಇನ್ನೊಂದು ಸುಳಿವು ಸಿಗುತ್ತದೆ: ಶೇ. 100 ತೋರಿಸುತ್ತಾ ಬೆನ್ನು ತಣ್ಣಗೇ ಇದ್ದರೆ ಪೆಲ್ಟಿಯರ್‌ಗೆ ಕರೆಂಟೇ ಹೋಗುತ್ತಿಲ್ಲ, ಇಲ್ಲಾ ಬಿಸಿ ಹೀಟ್ ಸಿಂಕ್ ತನಕ ಬರುತ್ತಿಲ್ಲ.

ಇಲ್ಲಿಂದ ಮುಂದೆ ನೀವು ಕೈ ಹಾಕಬೇಡಿ. ಸುಟ್ಟ ವಾಸನೆ ಬಂದರೆ, ಒಳಗೆ ನೀರು ಹೋಗಿದ್ದರೆ, ತಾಪಮಾನದ ಸಂಖ್ಯೆ ನಂಬಲಾಗದಂತೆ ಜಿಗಿಯುತ್ತಿದ್ದರೆ ಈ ಪರೀಕ್ಷೆಯೂ ಬೇಡ, 12 ವೋಲ್ಟ್ ಕಿತ್ತು ಪಕ್ಕಕ್ಕಿಡಿ. ಮೊಬೈಲ್ ರಿಪೇರಿ ಅಂಗಡಿಯವರು ಎಷ್ಟೇ ಜಾಣರಾದರೂ ಸೆನ್ಸರ್ ಕೋಣೆ ಅವರ ಮೇಜಿನ ಮೇಲೆ ತೆರೆಯುವಂಥದ್ದಲ್ಲ. ಕೊಂಡ ಡೀಲರ್‌ಗೆ ಬರೆಯುವಾಗ ಕೋಣೆಯ ತಾಪಮಾನ, ಸೆನ್ಸರ್ ಮುಟ್ಟಿದ ಕೊನೆಯ ತಾಪಮಾನ, ಕ್ಯಾಮೆರಾ ತುದಿಯಲ್ಲಿ ಅಳೆದ ವೋಲ್ಟೇಜ್ ಮೂರನ್ನೂ ಹಾಕಿ, ಒಂದು ಡಾರ್ಕ್ ಫ್ರೇಮ್ ಲಗತ್ತಿಸಿ. ಪಾರ್ಸೆಲ್ ಕಟ್ಟುವಾಗ ಮುಚ್ಚಳ ಹಾಕಿ, ಜಿಪ್ ಚೀಲದಲ್ಲಿ ಒಂದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಸೀಲ್ ಮಾಡಿ, ಫ್ಯಾನ್ ಕಿಂಡಿಯೊಳಗೆ ಥರ್ಮೋಕೋಲ್ ಚೂರು ಹೋಗದ ಹಾಗೆ ಬಟ್ಟೆ ಸುತ್ತಿ ಕಳಿಸಿ.